ಕಾಯಿಲೆ ಬಿದ್ದ ಮನೆಗೆ ಆಸರೆಯಾಗುವುದು ಹೇಗೆ? 'ಏನಾದ್ರೂ ಬೇಕಿದ್ರೆ ಹೇಳಿ' ಅಂದ ಮೇಲಿನ ಕೆಲಸ

ಆರಾಧನೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರ ಈ ಮಾತು ಪ್ರತಿ ಭಾನುವಾರ ಕೇಳಿಸುತ್ತದೆ. "ಏನಾದ್ರೂ ಬೇಕಿದ್ರೆ ಹೇಳಿ ಬ್ರದರ್. ಪ್ರಾರ್ಥನೆಯಲ್ಲಿ ನೆನಪು ಮಾಡ್ಕೋತೀವಿ." ಹೇಳುವವರ ಮನಸ್ಸಿನಲ್ಲಿ ಕಪಟ ಇರುವುದಿಲ್ಲ. ಆದರೆ ಇದನ್ನು ಕೇಳಿಸಿಕೊಂಡವರು ಮಾರನೇ ದಿನ ಫೋನ್ ಮಾಡಿ "ಸ್ವಲ್ಪ ಹಾಲು ತಂದುಕೊಡ್ತೀರಾ" ಅಂದಿದ್ದನ್ನು ನಾನಂತೂ ನೋಡಿಲ್ಲ. ಕೇಳುವುದಕ್ಕೆ ಸಂಕೋಚ. ಅದೂ ಅಲ್ಲದೆ, ಏನು ಬೇಕು ಅಂತ ಯೋಚಿಸುವಷ್ಟು ತ್ರಾಣವೇ ಆ ಮನೆಯಲ್ಲಿ ಉಳಿದಿರುವುದಿಲ್ಲ.

ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಒಬ್ಬ ಬರುತ್ತಾನೆ. ಬಟ್ಟೆಯಿಲ್ಲದೆ, ಊಟವಿಲ್ಲದೆ ನಿಂತವರಿಗೆ ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಅಂತ ಹೇಳಿ ಕಳಿಸುತ್ತಾನೆ, ಕೈಯಿಂದ ಏನೂ ಕೊಡುವುದಿಲ್ಲ. ನಮ್ಮ 'ಬೇಕಿದ್ರೆ ಹೇಳಿ' ಆ ಮಾತಿನ ತಮ್ಮನೇ.

ನಾವು ಎಡವುವುದು ಒಂದೇ ಕಡೆ. ಕೇಳುವ ಕೆಲಸವನ್ನು ನೊಂದವರ ತಲೆಗೇ ಕಟ್ಟುತ್ತೇವೆ. ಅದನ್ನು ಅವರ ತಲೆಯಿಂದ ಇಳಿಸುವುದು ಹೇಗೆ ಅನ್ನುವುದಷ್ಟೇ ಈ ಬರಹ.

ಹಂತಗಳ ಕ್ರಮ ನನ್ನದಲ್ಲ, ಲೂಕನ ಸುವಾರ್ತೆ 10ನೇ ಅಧ್ಯಾಯದ ಸಮಾರ್ಯದವನದು. ಅವನು ಮಾಡಿದ್ದನ್ನು ಸುಮ್ನೆ ಸಾಲಾಗಿ ಬರೆದು ನೋಡಿ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋಗಿದ್ದವನ ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿದ. ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ. ಮಾರನೇ ದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಅಂದರೆ ಆಗಿನ ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಗಾಯಗೊಂಡವನ ಹತ್ತಿರ ಅವನು ಒಂದು ಮಾತಾದರೂ ಆಡಿದ ಅಂತ ಅಲ್ಲಿ ಬರೆದಿಲ್ಲ. ಆಡಿದ ಮಾತು ಇಷ್ಟೇ: ಛತ್ರದವನ ಜೊತೆ, ಆರೈಕೆಯ ಮತ್ತು ಖರ್ಚಿನ ವಿಷಯ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಒಂದು ಚಿಕ್ಕ ನೋಟ್‌ಬುಕ್ಕು ಮತ್ತು ಪೆನ್ನು. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ ಅನ್ನಬೇಡಿ. ರೋಗಿಯ ಎದುರು ಮೊಬೈಲ್ ನೋಡುತ್ತಾ ಕೂತರೆ ಅವರಿಗೆ ಬೇರೆಯೇ ಕಾಣಿಸುತ್ತದೆ.

ವಾಪಸ್ ಕೊಡಬೇಕಿಲ್ಲದ ಡಬ್ಬಿಗಳು. ಐಸ್‌ಕ್ರೀಮ್ ಡಬ್ಬಿ, ಸ್ವೀಟ್ ಅಂಗಡಿಯ ಡಬ್ಬಿ, ಯಾವುದಾದರೂ ಆದೀತು. ಕಾರಣ ಐದನೇ ಹಂತದಲ್ಲಿ ಹೇಳ್ತೀನಿ.

ಜೊತೆಗೆ ಇಬ್ಬರು ಅಥವಾ ಮೂವರು. ಯುವಜನ ಸಂಘದಿಂದ ಒಬ್ಬರು, ಸ್ತ್ರೀಯರ ಸಂಘದಿಂದ ಒಬ್ಬರು, ಗಾಡಿ ಇರುವವರು ಒಬ್ಬರು ಸಿಕ್ಕರೆ ಬೇಕಾದಷ್ಟಾಯಿತು. ಮಾರ್ಕನ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದವರು ನಾಲ್ಕು ಜನ. ಮಂಚಕ್ಕೆ ನಾಲ್ಕು ಕಾಲು, ಲೆಕ್ಕ ಸರಿಯಾಗಿಯೇ ಇದೆ. ಒಬ್ಬರೇ ಹೊತ್ತರೆ ಎರಡನೇ ವಾರಕ್ಕೆ ನೀವೇ ಮಲಗುತ್ತೀರಿ.

1. ಮನೆಗೆ ಹೋಗುವ ಮೊದಲು ಒಬ್ಬರನ್ನು ವಿಚಾರಿಸಿ

ಒಬ್ಬರನ್ನು ಮಾತ್ರ. ರೋಗಿಯನ್ನಲ್ಲ, ರಾತ್ರಿ ಜೊತೆಗೆ ಮಲಗುವವರನ್ನೂ ಅಲ್ಲ. ಅಳಿಯನೋ, ನಾದಿನಿಯೋ, ಪಕ್ಕದ ಮನೆಯವರೋ, ಯಾರಿಗೆ ವಿಷಯ ಗೊತ್ತಿದೆಯೋ ಅವರನ್ನು.

ಕೇಳಬೇಕಾದ್ದು ನಾಲ್ಕೇ ಪ್ರಶ್ನೆ. ಈಗ ಯಾರಾದರೂ ಬಂದರೆ ಅವರಿಗೆ ಆಗುತ್ತದಾ? ಯಾವ ಹೊತ್ತು ಮಲಗಿರುತ್ತಾರೆ? ತಿನ್ನಬಾರದ್ದು ಏನು? ಮನೆಯಲ್ಲಿ ಸದ್ಯ ಯಾವ ಕೆಲಸ ನಿಂತುಹೋಗಿದೆ?

ಕಾಯಿಲೆಯ ಹೆಸರನ್ನು ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಕೆದಕಬೇಡಿ. ಅದು ಗೊತ್ತಿಲ್ಲದೆಯೂ ಅನ್ನ ಸಾರು ಕೊಡಬಹುದು.

ಎಚ್ಚರಿಕೆ: ನಿಮಗೆ ನೆಗಡಿ, ಕೆಮ್ಮು, ಜ್ವರ ಇದ್ದರೆ ಹೋಗಲೇಬೇಡಿ. ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರ ಮೈಯಲ್ಲಿ ಸೋಂಕಿನ ಜೊತೆ ಹೊಡೆದಾಡುವ ಶಕ್ತಿ ಕಮ್ಮಿ ಆಗಿರುತ್ತದೆ. ನಮಗೆ ಮೂರು ದಿನದ ನೆಗಡಿ ಅವರನ್ನು ಮತ್ತೆ ಆಸ್ಪತ್ರೆಗೆ ಸೇರಿಸಬಲ್ಲದು. "ಅಷ್ಟು ದೂರದಿಂದ ಬಂದಿದ್ದೀನಲ್ಲಾ" ಅನ್ನುವ ಮಾತು ವೈರಸ್‌ಗೆ ಕೇಳಿಸುವುದಿಲ್ಲ.

2. ಮೊದಲ ಭೇಟಿ: ಹದಿನೈದು ನಿಮಿಷ

ಇಲ್ಲಿ ನನ್ನ ಮನೆಯದೇ ಒಂದು ಕತೆ ಹೇಳಬೇಕು. ಅಮ್ಮನಿಗೆ ಆಪರೇಷನ್ ಆಗಿ ಮನೆಗೆ ಕರೆದುಕೊಂಡು ಬಂದ ಮೊದಲ ಭಾನುವಾರ. ಆರಾಧನೆ ಮುಗಿಸಿಕೊಂಡು ಹದಿನಾಲ್ಕು ಜನ ಒಟ್ಟಿಗೆ ಬಂದರು. ಅಮ್ಮ ಮಲಗಿದ್ದ ಕೋಣೆಯಲ್ಲಿ ಇದ್ದದ್ದು ಎರಡು ಕುರ್ಚಿ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದೆ. ಮೂರು ಸಲ ಚಹಾ ಮಾಡಿದೆ, ಮೂರನೇ ಸಲಕ್ಕೆ ಹಾಲು ಮುಗಿದು ಅಂಗಡಿಗೆ ಓಡಿದೆ. ಒಬ್ಬರು ತಮ್ಮ ದೊಡ್ಡಮ್ಮನಿಗೆ ಇದೇ ಆಪರೇಷನ್ ಆಗಿ ಹೇಗೆ ಹೊಲಿಗೆ ಬಿಚ್ಚಿಕೊಂಡಿತು ಅಂತ ವಿವರವಾಗಿ ಹೇಳಿದರು. ಅಮ್ಮ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ ಕೇಳುತ್ತಿದ್ದಳು.

ಅವರಲ್ಲಿ ಒಬ್ಬರು ಹೆಂಗಸು ಮಾತ್ರ ಕೋಣೆಗೆ ಬರಲೇ ಇಲ್ಲ. ಬಾಗಿಲಲ್ಲಿ ನಿಂತು ಅಮ್ಮನಿಗೆ ಒಂದು ಸಲ ಕೈ ಮುಗಿದರು, ನೇರ ಹಿತ್ತಲಿಗೆ ಹೋದರು. ಚಹಾ ಲೋಟ ತರೋಣ ಅಂತ ನಾನು ಹೋಗಿ ನೋಡಿದರೆ ಎರಡು ದಿನದ ಪಾತ್ರೆಯೆಲ್ಲ ತೊಳೆದು ಬೋರಲು ಹಾಕಿದ್ದರು. ತಳ ಹಿಡಿದಿದ್ದ ಗಂಜಿ ಪಾತ್ರೆಯನ್ನೂ ಬೂದಿ ಹಾಕಿ ತಿಕ್ಕಿದ್ದರು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು "ಬರ್ತೀನಪ್ಪಾ" ಅಂತ ಹೊರಟೇಬಿಟ್ಟರು. ಅವತ್ತು ಮನೆಗೆ ಬಂದವರಲ್ಲಿ ಅಮ್ಮ ಇವತ್ತಿಗೂ ಹೆಸರು ಹಿಡಿದು ನೆನೆಯುವುದು ಅವರೊಬ್ಬರನ್ನೇ.

ಹಾಗಾಗಿ ಕ್ರಮ ಹೀಗಿರಲಿ. ಇಬ್ಬರಿಗಿಂತ ಜಾಸ್ತಿ ಜನ ಒಟ್ಟಿಗೆ ಹೋಗಬೇಡಿ. ಚಪ್ಪಲಿ ಬಿಟ್ಟು, ಕೈ ತೊಳೆದು ಒಳಗೆ ಹೋಗಿ. "ಚಹಾ ಬೇಡ, ಈಗ ತಾನೇ ಕುಡಿದು ಬಂದೆ" ಅಂತ ನಿಲ್ಲುವ ಮೊದಲೇ ಹೇಳಿ. ಮಂಚದ ಮೇಲೆ ಕೂರಬೇಡಿ, ಹೊಲಿಗೆ ಇರುವವರಿಗೆ ಮಂಚ ಅಲುಗಿದರೂ ನೋವು. ಕುರ್ಚಿಯನ್ನು ಅವರು ಕತ್ತು ತಿರುಗಿಸದೆ ಕಾಣುವ ಕಡೆ ಹಾಕಿಕೊಳ್ಳಿ.

ಮಾತು ಕಮ್ಮಿ ಇರಲಿ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರನ್ನು ನಾವು ಬೈಯುತ್ತೇವೆ. ಆದರೆ ಅವರ ಮೊದಲ ವಾರ ಚೆನ್ನಾಗಿಯೇ ಇತ್ತು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟ ಮೇಲೇ ಎಲ್ಲ ಕೆಟ್ಟಿದ್ದು.

ಬಾಯಿಗೆ ಬರಬಾರದ ಮಾತುಗಳು: "ದೇವರ ಚಿತ್ತ." "ಏನೋ ಒಂದು ಪಾಪ ಮಾಡಿರಬೇಕು." "ನಂಬಿಕೆ ಇದ್ದಿದ್ರೆ ಇಷ್ಟೊತ್ತಿಗೆ ವಾಸಿ ಆಗಿರೋದು." ಯೋಹಾನನ 9ನೇ ಅಧ್ಯಾಯದಲ್ಲಿ ಶಿಷ್ಯರು ಇದನ್ನೇ ಕೇಳಿದ್ದು: ಈ ಕುರುಡ ಪಾಪ ಮಾಡಿದನಾ, ಇವನ ಅಪ್ಪ ಅಮ್ಮ ಮಾಡಿದರಾ ಅಂತ. ಯೇಸು ಎರಡೂ ಅಲ್ಲ ಅಂದ. ಇಷ್ಟು ನೇರವಾದ ಉತ್ತರ ಇದ್ದರೂ ಎರಡು ಸಾವಿರ ವರ್ಷದಿಂದ ಅದೇ ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿದ್ದೇವೆ ಅಲ್ವಾ.

ಹಾಗಾದರೆ ಏನು ಹೇಳಬೇಕು? "ನಿಮ್ಮನ್ನ ನೋಡಿ ಹೋಗೋಣ ಅಂತ ಬಂದೆ" ಅಂದರೆ ಸಾಕು. ಅವರು ಕಾಯಿಲೆ ಬಗ್ಗೆ ಮಾತಾಡಿದರೆ ಅದನ್ನು ಕೇಳಿ. ಪಕ್ಕದ ಮನೆಯ ನಾಯಿ ಬಗ್ಗೆ ಮಾತಾಡಿದರೆ ಅದನ್ನೇ ಕೇಳಿ. ಅತ್ತರೆ ತಡೆಯಬೇಡಿ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತ.

3. ಪ್ರಾರ್ಥನೆ: ಕೇಳಿ ಮಾಡಿ, ಚಿಕ್ಕದಾಗಿ ಮಾಡಿ

"ಒಂದು ಚಿಕ್ಕ ಪ್ರಾರ್ಥನೆ ಮಾಡಲಾ?" ಅಂತ ಮೊದಲು ಕೇಳಿ. ಬೇಡ ಅಂದರೆ "ಸರಿ, ಮನೇಲಿ ಮಾಡ್ತೀನಿ" ಅಂತ ಹೇಳಿ, ಮುಖ ಸಣ್ಣದು ಮಾಡಬೇಡಿ.

ಎರಡು ನಿಮಿಷಕ್ಕೆ ಮುಗಿಸಿ. ರೋಗಿಯ ಮನೆಮಾತಿನಲ್ಲಿ ಆದರೆ ಇನ್ನೂ ಒಳ್ಳೆಯದು. ಮಂಗಳೂರಿನ ಕಡೆಯ ಅಜ್ಜಿಗೆ ಕೊಂಕಣಿಯಲ್ಲಿ ಒಂದು 'ಆಮ್ಚ್ಯಾ ಬಾಪಾ' (ನಮ್ಮ ತಂದೆಯೇ) ಪ್ರಾರ್ಥನೆ, ಕೋಲಾರದ ಕಡೆಯ ತಾತನಿಗೆ ತೆಲುಗಿನಲ್ಲಿ ಒಂದು ಸಾಲು ಮನಸ್ಸಿಗೆ ಹೋಗಿ ತಟ್ಟುವಂತೆ ನಮ್ಮ ಗ್ರಾಂಥಿಕ ಕನ್ನಡ ತಟ್ಟುವುದಿಲ್ಲ. ಏನು ಓದುವುದು ಅಂತ ತೋಚದಿದ್ದರೆ 23ನೇ ಕೀರ್ತನೆ ಓದಿ. ಇರುವುದೇ ಆರು ವಚನ, ಅವರೂ ಜೊತೆಗೆ ತುಟಿ ಅಲ್ಲಾಡಿಸಬಹುದು.

ಆಸ್ಪತ್ರೆ ವಾರ್ಡಿನಲ್ಲಿ ದನಿ ಇಳಿಸಿ. ಪಕ್ಕದ ಬೆಡ್ಡಿನವರಿಗೂ ಕಾಯಿಲೆಯೇ. ಗಿಟಾರು, ಚಪ್ಪಾಳೆ, ಸ್ಪೀಕರ್ ಫೋನಿನಲ್ಲಿ ಊರಿನ ಪಾಸ್ಟರು, ಇವೆಲ್ಲ ಮನೆಗೆ ಬಂದ ಮೇಲೆ ನೋಡೋಣ.

ರೋಗಿಗೆ ಪರಮಪ್ರಸಾದವೋ ಅಭ್ಯಂಗವೋ (ರೋಗಿಗೆ ಎಣ್ಣೆ ಹಚ್ಚಿ ಮಾಡುವ ಪ್ರಾರ್ಥನೆ) ಬೇಕಿದ್ದರೆ ಫಾದರಿಗೆ ಅಥವಾ ಸಭಾಪಾಲಕರಿಗೆ ನೀವೇ ಫೋನ್ ಮಾಡಿ ಸಮಯ ಗೊತ್ತು ಮಾಡಿ. ಮನೆಯವರಿಗೆ ಇನ್ನೊಂದು ಫೋನಿನ ಕೆಲಸ ಹಚ್ಚಬೇಡಿ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ಪ್ರಾರ್ಥನೆ ಆಯ್ತು, ಇನ್ನು ಮಾತ್ರೆ ಬೇಡ" ಅಂತ ಯಾರಿಗೂ ಹೇಳಬೇಡಿ. ಹೇಳುವವರು ನಿಮ್ಮ ಜೊತೆ ಬಂದಿದ್ದರೆ ಮುಂದಿನ ಸಲ ಅವರನ್ನು ಕರೆದುಕೊಂಡು ಹೋಗಬೇಡಿ. ಕಾಯಿಲೆ ಬಿದ್ದ ರಾಜ ಹಿಜ್ಕೀಯ ಪ್ರಾರ್ಥನೆ ಮಾಡಿದ, ದೇವರು ಕೇಳಿದ, ಆಮೇಲೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಪಟ್ಟು ಹಾಕಿಸಿದ. ಲೂಕ ವೈದ್ಯನೇ ಆಗಿದ್ದ. ಸಕ್ಕರೆ ಕಾಯಿಲೆಯ ಇನ್ಸುಲಿನ್, ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ಇಂಥವನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಬರಬಹುದು.

ಬೇರೆ ಧರ್ಮದ ನೆರೆಯವರ ಮನೆಗೆ ಹೋದಾಗ ಕೈಪತ್ರ, ಪುಸ್ತಕ ಏನನ್ನೂ ದಿಂಬಿನ ಪಕ್ಕ ಇಟ್ಟು ಬರಬೇಡಿ. ಮೈಯಲ್ಲಿ ಶಕ್ತಿ ಇಲ್ಲದೆ ಮಲಗಿದವರು ಬೇಡ ಅನ್ನಲಾರರು. ಬೇಡ ಅನ್ನಲಾಗದವರ ಎದುರು ಇಡುವುದು ಪ್ರೀತಿ ಆಗುವುದಿಲ್ಲ. ಸಮಾರ್ಯದವನೂ ಯೆಹೂದ್ಯನೂ ಬೇರೆ ಬೇರೆ ಕಡೆ ಆರಾಧನೆ ಮಾಡುವ ಜನ. ಗಾಯ ಕಟ್ಟುವಾಗ ಆ ವಿಷಯ ಬರಲೇ ಇಲ್ಲ.

4. ಕೆಲಸಕ್ಕೆ ಹೆಸರಿಟ್ಟು, ದಿನ ಹೇಳಿ

ಎಲ್ಲ ಹಂತಗಳಲ್ಲಿ ಮುಖ್ಯವಾದದ್ದು ಇದೇ. ಜಾಸ್ತಿ ಜನ ಕೈಬಿಡುವುದೂ ಇದನ್ನೇ.

'ಏನಾದ್ರೂ' ಅನ್ನುವ ಪದವನ್ನು ತೆಗೆದುಹಾಕಿ. ಅದರ ಜಾಗದಲ್ಲಿ ಒಂದು ಕೆಲಸ, ಒಂದು ದಿನ, ಒಂದು ಹೊತ್ತು ಹಾಕಿ. "ಮಂಗಳವಾರ ಬೆಳಗ್ಗೆ ಏಳೂವರೆಗೆ ಬಂದು ಮಗುನ ಸ್ಕೂಲಿಗೆ ಬಿಡ್ತೀನಿ. ಆಗಬಹುದಾ?" ಈ ಪ್ರಶ್ನೆಗೆ ಹೂಂ ಅಥವಾ ಬೇಡ, ಎರಡೇ ಉತ್ತರ. ಸುಸ್ತಾದವರೂ ಹೇಳಬಲ್ಲರು.

ಕುರುಡ ಬರ್ತಿಮಾಯನಿಗೆ ಯೇಸುವೇ "ನಿನಗೆ ಏನು ಮಾಡಬೇಕು" ಅಂತ ಕೇಳಿದನಲ್ಲಾ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಕೇಳಿದ, ನಿಜ. ಎದುರಿಗೆ ನಿಂತು, ಅಲ್ಲೇ ಆಗಲೇ ಮಾಡುವುದಕ್ಕೆ ತಯಾರಾಗಿ ಕೇಳಿದ. ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ಕೇಳಲಿಲ್ಲ.

ಮನೆಯಲ್ಲಿ ಏನು ನಿಂತಿದೆ ಅಂತ ಕಣ್ಣಿಂದಲೇ ಗೊತ್ತಾಗುತ್ತದೆ. ಗ್ಯಾಸ್ ಬುಕ್ ಆಗಿದೆಯಾ? ಹಗ್ಗದ ಮೇಲಿನ ಬಟ್ಟೆ ನಿನ್ನೆಯದಾ, ಮೊನ್ನೆಯದಾ? ಕರೆಂಟ್ ಬಿಲ್ ಬಾಗಿಲ ಸಂದಿಯಲ್ಲೇ ಇದೆಯಾ? ರೇಷನ್ ತಂದಿದ್ದಾರಾ? ಹಸು ಇರುವ ಮನೆಯಾದರೆ ಹುಲ್ಲು ಯಾರು ತರುತ್ತಿದ್ದಾರೆ? ತೋಟದ ಮನೆಯಾದರೆ ಅಂಗಳದಲ್ಲಿ ಹರಡಿದ ಅಡಿಕೆ ಮಳೆ ಬಂದರೆ ಯಾರು ಎತ್ತುತ್ತಾರೆ? ಇದನ್ನೆಲ್ಲ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ನಿಮ್ಮ ಮೂವರಲ್ಲಿ ಯಾರು ಅಂತ ಹೆಸರು ಹಾಕಿ. ಹೆಸರಿಲ್ಲದ ಕೆಲಸ ಆಗುವುದಿಲ್ಲ, ಎಲ್ಲರೂ ಇನ್ನೊಬ್ಬರು ಮಾಡಿರುತ್ತಾರೆ ಅಂದುಕೊಳ್ಳುತ್ತಾರೆ.

ಸಾಮಾನ್ಯ ತಪ್ಪು: ನಿಮಗೆ ಇಷ್ಟವಾದ ಕೆಲಸ ಆರಿಸಿಕೊಳ್ಳುವುದು. ಹಾಡು ಹಾಡುವುದಕ್ಕೆ ಹತ್ತು ಜನ ಸಿಗುತ್ತಾರೆ, ಬಚ್ಚಲು ತೊಳೆಯುವುದಕ್ಕೆ ಸಿಗುವುದಿಲ್ಲ. ಆದರೆ ಮಲಗಿದವರಿರುವ ಮನೆಯಲ್ಲಿ ಮೊದಲು ಕೆಡುವುದೇ ಬಚ್ಚಲು.

5. ಊಟ: ಏನು ಕೊಡಬೇಕು, ಹೇಗೆ ಕೊಡಬೇಕು

ಯಾಯೀರನ ಸತ್ತ ಮಗಳು ಯೇಸುವಿನ ಮಾತಿಗೆ ಜೀವಂತವಾಗಿ ಎದ್ದಾಗ ಮನೆಯವರೆಲ್ಲ ಬೆರಗಾಗಿ ನಿಂತಿದ್ದರು. ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತ ನೆನಪಿಸಿದ್ದು ಯೇಸು. ಹಸಿವಿನ ನೆನಪು ಅಷ್ಟು ಸುಲಭವಾಗಿ ತಪ್ಪಿಹೋಗುತ್ತದೆ.

ಮೊದಲು ಕೇಳಿ, ಆಮೇಲೆ ಕೊಡಿ. ನಾನು ಮಾಡಿದ ತಪ್ಪನ್ನೇ ಹೇಳ್ತೀನಿ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ನೆರೆಯವರೊಬ್ಬರನ್ನು ನೋಡಲು ಹೋಗುವಾಗ ನಾಲ್ಕು ಎಳನೀರು, ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಹೋದೆ. ರೋಗಿಗೆ ಎಳನೀರು ಕೊಡುವುದು ನಮ್ಮ ಕಡೆ ರೂಢಿ. ಅವರ ಹೆಂಡತಿ ನಗುತ್ತಲೇ ಇಸಿದುಕೊಂಡರು. ಆಮೇಲೆ ಗೊತ್ತಾಯಿತು, ಕಿಡ್ನಿ ಕೆಲಸ ಮಾಡದವರಿಗೆ ಎಳನೀರು, ಬಾಳೆಹಣ್ಣು, ಕಿತ್ತಳೆ ಇವುಗಳಲ್ಲಿರುವ ಪೊಟ್ಯಾಸಿಯಂ ಮೈಯಲ್ಲೇ ಉಳಿದುಬಿಡುತ್ತದೆ. ಜಾಸ್ತಿ ಆದರೆ ಹೃದಯದ ಬಡಿತವೇ ತಪ್ಪುತ್ತದೆ. ನೀರನ್ನೂ ಅಳತೆ ಮಾಡಿ ಕುಡಿಯಬೇಕು. ನಾನು ತಂದ ಎಳನೀರನ್ನು ಅವರ ಕಣ್ಣಿಗೆ ಬೀಳದ ಹಾಗೆ ಎತ್ತಿಡುವುದೇ ಆ ಹೆಂಗಸಿಗೆ ಒಂದು ಕೆಲಸವಾಯಿತು.

ಹಾಗೇ, ಪಾರ್ಶ್ವವಾಯು ಹೊಡೆದವರಿಗೆ ನುಂಗುವುದು ಕಷ್ಟ ಇರಬಹುದು. ಬನ್ನು, ಬಿಸ್ಕತ್ತು ಬಾಯಿಗಿಟ್ಟರೆ ಶ್ವಾಸಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. "ಒಂದು ತುತ್ತು ತಿನ್ನಿ ಅಜ್ಜಾ" ಅಂತ ನೀವಾಗಿ ತಿನ್ನಿಸಬೇಡಿ. ಸಕ್ಕರೆ ಕಾಯಿಲೆಯವರಿಗೆ ಹಾರ್ಲಿಕ್ಸ್, ಗ್ಲೂಕೋಸ್ ಪುಡಿ ಬೇಡ. ಕೀಮೋ ಆಗುತ್ತಿರುವವರಿಗೆ ಹೆಚ್ಚಿಟ್ಟ ಹಣ್ಣು, ಹಸಿ ತರಕಾರಿ ಕೋಸಂಬರಿ ಬೇಡ, ಬಿಸಿಯಾಗಿ ಬೇಯಿಸಿದ್ದು ಇರಲಿ.

ನಿಜವಾಗಿ ಊಟ ಬೇಕಾಗಿರುವುದು ರೋಗಿಗಲ್ಲ, ನೋಡಿಕೊಳ್ಳುವವರಿಗೆ. ರೋಗಿಗೆ ಗಂಜಿ ಮಾಡಿ ಕುಡಿಸಿ, ತಾವು ನಿಂತುಕೊಂಡೇ ಅವಲಕ್ಕಿ ತಿಂದು ಮುಗಿಸಿರುತ್ತಾರೆ. ಅವರಿಗೆ ಮುದ್ದೆ ಸೊಪ್ಪಿನ ಸಾರೋ, ಅನ್ನ ಹುಳಿಯೋ, ಚಪಾತಿ ಪಲ್ಯವೋ ಕೊಡಿ. ಬಿರಿಯಾನಿ ಒಂದು ಸಲ ಚೆನ್ನ, ವಾರದಲ್ಲಿ ನಾಲ್ಕು ಮನೆಯಿಂದ ನಾಲ್ಕು ಬಿರಿಯಾನಿ ಬಂದರೆ ಹೊಟ್ಟೆ ಕೆಡುತ್ತದೆ.

ಇನ್ನು ಡಬ್ಬಿ. ನಮ್ಮಲ್ಲಿ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕಳಿಸುವ ರೂಢಿ ಇಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು ಅನ್ನಿಸುತ್ತದೆ. ಸ್ಟೀಲ್ ಡಬ್ಬಿ ಕೊಟ್ಟರೆ ಅದನ್ನು ತೊಳೆದು, ಯಾರ ಮನೆಯದು ಅಂತ ಗುರುತಿಟ್ಟು, ಏನಾದರೂ ತುಂಬಿಸಿ ತಲುಪಿಸುವವರೆಗೂ ಆ ಮನೆಯವರ ತಲೆಯಲ್ಲಿ ಅದೇ ಕೂತಿರುತ್ತದೆ. ಅದಕ್ಕೇ ಬಿಸಾಡಬಹುದಾದ ಡಬ್ಬಿ ಅಂದಿದ್ದು. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ: ಒಳಗೆ ಏನಿದೆ, ಯಾವತ್ತು ಮಾಡಿದ್ದು, 'ಡಬ್ಬಿ ವಾಪಸ್ ಬೇಡ'. ಗೇಟಿಗೆ ನೇತುಹಾಕಿ, ಒಂದು ಮೆಸೇಜ್ ಹಾಕಿ, ಹೊರಟುಬಿಡಿ. ಬೆಲ್ ಒತ್ತಬೇಡಿ, ಈಗ ತಾನೇ ಕಣ್ಣು ಮುಚ್ಚಿರಬಹುದು.

6. ಆಸ್ಪತ್ರೆಯ ಓಡಾಟ, ರಕ್ತ, ಕಾಗದ

ಡಯಾಲಿಸಿಸ್ ಅಂದರೆ ವಾರಕ್ಕೆ ಎರಡೋ ಮೂರೋ ಸಲ, ಒಂದೊಂದು ಸಲ ಸುಮಾರು ನಾಲ್ಕು ಗಂಟೆ. ತಿಂಗಳುಗಟ್ಟಲೆ ಆಟೋ ಖರ್ಚು ಲೆಕ್ಕ ಹಾಕಿ ನೋಡಿ. ಗಾಡಿ ಇರುವವರು ವಾರಕ್ಕೆ ಒಂದು ದಿನ ಒಪ್ಪಿಕೊಂಡರೆ ದೊಡ್ಡ ಆಸರೆ. ಬಿಡುವುದು ಸುಲಭ, ವಾಪಸ್ ಕರೆತರುವುದನ್ನೂ ಒಪ್ಪಿಕೊಳ್ಳಿ. ಮುಗಿದ ಮೇಲೆ ಅವರಿಗೆ ತಲೆ ಸುತ್ತುತ್ತಿರುತ್ತದೆ.

ರಕ್ತ ಬೇಕು ಅಂತ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಅದರಲ್ಲಿರುವ ನಂಬರಿಗೆ ಫೋನ್ ಮಾಡಿ, ಇನ್ನೂ ಬೇಕಾ ಕೇಳಿ. ಹೋದ ವರ್ಷದ ಮೆಸೇಜ್ ಈಗಲೂ ತಿರುಗುತ್ತಿರುತ್ತದೆ. ಕೊಡುವವರು 18ರಿಂದ 65 ವರ್ಷದೊಳಗಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಯುವಜನ ಸಂಘದವರು ಯಾರ ರಕ್ತದ ಗುಂಪು ಏನು, ಕೊನೆಗೆ ಕೊಟ್ಟದ್ದು ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ರಾತ್ರಿ ಹನ್ನೊಂದಕ್ಕೆ ಪರದಾಡಬೇಕಿಲ್ಲ.

ಕಾಗದದ ಕೆಲಸ ಬಲ್ಲವರು ಇದ್ದರೆ ಅವರನ್ನು ಇಲ್ಲಿ ಹಚ್ಚಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ತುರ್ತು ಅಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಬೇಕು. ಇದನ್ನು ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಸೇರಿಸಿ, ಬಿಲ್ ಬಂದ ಮೇಲೆ ಒಡವೆ ಅಡ ಇಟ್ಟವರಿದ್ದಾರೆ. ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂರುತ್ತಾರೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಅವರ ಮುಂದೆ ಸಾಲಿನಲ್ಲಿ ನಿಲ್ಲುವುದು ಒಂದು ಗಂಟೆಯ ಕೆಲಸ. ಆ ಒಂದು ಗಂಟೆ ರೋಗಿಯ ಪಕ್ಕ ಕೂತವರಿಗೆ ಸಿಗುವುದಿಲ್ಲ, ನಿಮಗೆ ಸಿಗುತ್ತದೆ.

7. ದುಡ್ಡು

ಕೊಡುವುದಾದರೆ ಸಾಲವೋ ಕೊಡುಗೆಯೋ ಅಂತ ಕೊಡುವಾಗಲೇ ಹೇಳಿ. "ಆದಾಗ ಕೊಡಿ" ಅನ್ನುವುದು ಎರಡೂ ಅಲ್ಲದ ಮಾತು, ಆಮೇಲೆ ರಸ್ತೆಯಲ್ಲಿ ಎದುರಾದರೆ ಅವರು ದಾರಿ ಬದಲಿಸುವ ಹಾಗಾಗುತ್ತದೆ.

ಮನೆಯ ಖರ್ಚು ನೋಡಿಕೊಳ್ಳುವವರ ಕೈಗೆ, ಕವರಿನಲ್ಲಿ, ಯಾರೂ ಇಲ್ಲದಾಗ ಕೊಡಿ. ದಿಂಬಿನ ಕೆಳಗಿಟ್ಟರೆ ಕಳೆದುಹೋಗುತ್ತದೆ. ಯುಪಿಐನಲ್ಲಿ ಕಳಿಸಿದರೆ ಟಿಪ್ಪಣಿ ಜಾಗದಲ್ಲಿ 'ಸಹಾಯ' ಅಂತ ಬರೆಯಬೇಡಿ, ಅದು ಪಾಸ್‌ಬುಕ್ಕಿನಲ್ಲಿ ಉಳಿಯುತ್ತದೆ. ಸಭೆಯಲ್ಲಿ ಎದ್ದು ಓದಿ ಹೇಳುವುದು, ಚೆಕ್ ಹಿಡಿದು ಫೋಟೋ ತೆಗೆಯುವುದು ಬೇಡವೇ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಿರಲಿ ಅಂತ ಯೇಸು ಹೇಳಿದ ಮೇಲೂ ಫೋಟೋದಲ್ಲಿ ಎರಡೂ ಕೈ ಕಾಣಿಸುತ್ತಿರುತ್ತದೆ.

8. ಮೂರನೇ ವಾರದಿಂದ

ಮೊದಲ ವಾರ ಜನವೋ ಜನ. ಎರಡನೇ ವಾರ ಫೋನು. ಮೂರನೇ ವಾರ ಮನೆ ಖಾಲಿ. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ.

ಹಾಗಾಗಿ ನಿಮ್ಮ ಶಕ್ತಿಯನ್ನೆಲ್ಲ ಮೊದಲ ವಾರಕ್ಕೇ ಸುರಿಯಬೇಡಿ. ಕ್ಯಾಲೆಂಡರ್ ತೆಗೆದು ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳು ಗುರುತು ಹಾಕಿ. ಮುಂದಿನ ಸ್ಕ್ಯಾನ್ ಯಾವತ್ತು, ರಿಪೋರ್ಟ್ ಬರುವುದು ಯಾವತ್ತು ಅಂತ ಬರೆದಿಟ್ಟುಕೊಂಡು ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿ: "ನಾಳೆ ನೆನಪಿದೆ. ಉತ್ತರ ಕೊಡಬೇಕಾಗಿಲ್ಲ." ಕೊನೆಯ ಎರಡು ಪದ ಮರೆಯಬೇಡಿ. ಮೂವತ್ತು ಜನರಿಗೆ 'ಥ್ಯಾಂಕ್ಸ್' ಟೈಪ್ ಮಾಡುವುದೂ ಒಂದು ಕೂಲಿಯೇ.

ನೋಡಿಕೊಳ್ಳುವವರಿಗೆ ಎರಡು ಗಂಟೆ ಬಿಡುವು ಮಾಡಿಕೊಡಿ. "ಶನಿವಾರ ನಾಲ್ಕರಿಂದ ಆರು ನಾನು ಇಲ್ಲಿ ಕೂತಿರ್ತೀನಿ, ನೀವು ಹೋಗಿ ಬನ್ನಿ." ಎಲ್ಲಿಗೆ ಅಂತ ಕೇಳಬೇಡಿ. ಒಬ್ಬರು ಸುಮ್ನೆ ಬಸ್ ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ ಬಂದೆ ಅಂದರು. ಕಿಟಕಿ ಸೀಟು ಸಿಕ್ಕಿತ್ತಂತೆ.

9. ಎಚ್ಚರಿಕೆ ಗಂಟೆಗಳು

ಪ್ರಾರ್ಥನಾ ಕೂಟ ಹರಟೆಕಟ್ಟೆ ಆಗುತ್ತಿದ್ದರೆ ನಿಲ್ಲಿಸಿ. "ಪ್ರಾರ್ಥನೆಗೆ ಗೊತ್ತಿರ್ಲಿ ಅಂತ ಹೇಳ್ತಿದೀನಿ" ಅಂತ ಶುರುವಾಗುವ ಮಾತು ಮನೆಯವರು ಹೇಳದ ಗುಟ್ಟನ್ನು ಹೊರಗೆ ಹಾಕುತ್ತದೆ. ಕಾಯಿಲೆಯ ಹೆಸರು ಹೊರಬಿದ್ದು ಕೆಲಸ ಹೋಗಬಹುದು, ಮಗಳ ಸಂಬಂಧ ಮುರಿಯಬಹುದು. ಹೆಸರು ಹೇಳದೆ "ಒಂದು ಕುಟುಂಬಕ್ಕಾಗಿ" ಅಂದರೂ ದೇವರಿಗೆ ಗೊತ್ತಾಗುತ್ತದೆ. ಬೆಡ್ಡಿನ ಮೇಲಿನ ಫೋಟೋ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡ.

ನೀವು ಹೋದಾಗ ರೋಗಿ ಒಂದೇ ಪದದಲ್ಲಿ ಉತ್ತರ ಕೊಡುತ್ತಿದ್ದರೆ, ಗಡಿಯಾರ ನೋಡುತ್ತಿದ್ದರೆ ಎದ್ದು ಬನ್ನಿ. ಬೇಜಾರು ಮಾಡಿಕೊಳ್ಳಬೇಡಿ.

"ಇಷ್ಟೆಲ್ಲ ಮಾಡಿದ್ರೂ ಒಂದು ಮಾತು ಹೇಳ್ಲಿಲ್ಲ" ಅಂತ ಮನಸ್ಸಿನಲ್ಲಿ ಬಂದರೆ ನೀವು ಸುಸ್ತಾಗಿದ್ದೀರಿ ಅಂತ ಅರ್ಥ. ಒಂದು ವಾರ ಬಿಡುವು ತೆಗೆದುಕೊಂಡು ಕೆಲಸವನ್ನು ಜೊತೆಯವರಿಗೆ ಕೊಡಿ. ಸಮಾರ್ಯದವನೂ ಮಾರನೇ ದಿನ ಹೊರಟ, ಛತ್ರದವನಿಗೆ ಒಪ್ಪಿಸಿ. ಅವನಿಗೂ ಊರು, ಕೆಲಸ ಇತ್ತು.

ಎಲ್ಲಕ್ಕಿಂತ ಗಂಭೀರವಾದದ್ದು: ರೋಗಿಯೋ, ನೋಡಿಕೊಳ್ಳುವವರೋ "ನಾನೂ ಹೋಗ್ಬಿಟ್ರೆ ಸಾಕು" ಅನ್ನುವ ಮಾತು ಆಡಿದರೆ, ನಿದ್ದೆ ಊಟ ಪೂರ್ತಿ ಬಿಟ್ಟಿದ್ದರೆ, ಇದ್ದಕ್ಕಿದ್ದಂತೆ ಸಾಮಾನೆಲ್ಲ ಹಂಚುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ವಚನ ಹೇಳಿ ಸಮಾಧಾನ ಮಾಡಿ ಬಂದುಬಿಡುವ ಹೊತ್ತಲ್ಲ ಇದು. ಮನೆಯವರಲ್ಲಿ ಒಬ್ಬರಿಗೆ ತಿಳಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ತುರ್ತು ಅಂದರೆ 108.

10. ನಿಲ್ಲಿಸುವುದು

ರೋಗಿ ಚೇತರಿಸಿಕೊಂಡು ಗೇಟಿನ ತನಕ ನಡೆದು ಬರುತ್ತಿದ್ದಾರೆ, ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಾರೆ ಅಂದರೆ ನಿಮ್ಮ ಕೆಲಸ ಒಂದೊಂದೇ ಬಿಡುತ್ತಾ ಬನ್ನಿ. ಥಟ್ಟನೆ ಮಾಯ ಆಗಬೇಡಿ. "ಮುಂದಿನ ವಾರದಿಂದ ಮಗುನ ಸ್ಕೂಲಿಗೆ ನೀವೇ ಬಿಡ್ತೀರಾ?" ಅಂತ ಕೇಳಿ. ಮನೆಯ ಕೀ ನಿಮ್ಮ ಹತ್ತಿರ ಇದ್ದರೆ ಅದೇ ದಿನ ವಾಪಸ್ ಕೊಡಿ. ನೋಟ್‌ಬುಕ್ಕಿನ ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿ, ಅದರಲ್ಲಿ ಅವರ ಮನೆಯ ವಿಷಯ ಇದೆ.

ಆಮೇಲೆ ಅವರನ್ನು ಮತ್ತೆ ಮೊದಲಿನ ಹಾಗೇ ನೋಡಿ. ಸಿಕ್ಕಾಗೆಲ್ಲ ದನಿ ಇಳಿಸಿ "ಹೇಗಿದೀರಾ ಈಗ" ಅಂತ ಕೇಳಬೇಡಿ. ಅಡಿಕೆ ರೇಟು ಕೇಳಿ, ಮಗನ ರಿಸಲ್ಟ್ ಕೇಳಿ.

ಒಂದು ದಿನ ಅವರೇ ನಿಮ್ಮ ಗೇಟಿನ ಹತ್ತಿರ ಬರುತ್ತಾರೆ, ಕೈಯಲ್ಲಿ ನೀವು ಬಿಸಾಡಿ ಅಂದಿದ್ದ ಐಸ್‌ಕ್ರೀಮ್ ಡಬ್ಬಿ. ತೊಳೆದು ಒಣಗಿಸಿ, ಒಳಗೆ ಚಕ್ಕುಲಿಯೋ ರವೆ ಉಂಡೆಯೋ ತುಂಬಿಸಿರುತ್ತಾರೆ. "ಅಯ್ಯೋ, ಇದೆಲ್ಲ ಯಾಕೆ" ಅನ್ನಬೇಡಿ. ಎರಡೂ ಕೈಯಲ್ಲಿ ಇಸಿದುಕೊಳ್ಳಿ, ಅವರನ್ನು ಒಳಗೆ ಕರೆದು ಕೂರಿಸಿ. ಈ ಸಲ ಚಹಾ ಮಾಡಬಹುದು.